ಮೂರು ಪ್ರತಿ, ಒಂದು ಓಲೆ

ಸರ್ವಜ್ಞನ ತಂದೆ ಮಾಸೂರಿನ ಬಸವರಸ, ತಾಯಿ ಅಂಬಲೂರಿನ ಕುಂಬಾರರ ಮಾಳಿ. ಮಕ್ಕಳಿಲ್ಲದ ಬಸವರಸ ಕಾಶಿಗೆ ಹೋಗಿ ಬರುವಾಗ ಅಂಬಲೂರಿನಲ್ಲಿ ಇಳಿದುಕೊಂಡ. ಅಲ್ಲಿಂದ ಮುಂದಿನ ಕಥೆ ಹಿರೇಕೆರೂರು ಸೀಮೆಯಲ್ಲಿ ಯಾರನ್ನು ಕೇಳಿದರೂ ಸಿಗುತ್ತದೆ. ಇದೆಲ್ಲ ಹೇಗೆ ಗೊತ್ತಾಯಿತು ಎಂದರೆ ಉತ್ತರವೂ ಸಿದ್ಧ. ಸರ್ವಜ್ಞನೇ ತ್ರಿಪದಿಗಳಲ್ಲಿ ಹೇಳಿಕೊಂಡಿದ್ದಾನೆ, ಆ ತ್ರಿಪದಿಗಳು ಹಲವು ಪುಸ್ತಕಗಳಲ್ಲಿವೆ. ಇಷ್ಟು ಪುಸ್ತಕ ಒಂದೇ ಮಾತು ಹೇಳಿದ ಮೇಲೆ ಅನುಮಾನಕ್ಕೆ ಎಡೆಯೆಲ್ಲಿ?

ಎಡೆಯಿದೆ. ತ್ರಿಪದಿ ಕಟ್ಟುವುದು ನಮ್ಮ ಬೀಸುವ ಕಲ್ಲಿನ ಹೆಣ್ಣುಮಕ್ಕಳಿಗೆ ಬಾಯಿಗೆ ಬಂದ ವಿದ್ಯೆ. ಕೊನೆಗೆ ‘ಸರ್ವಜ್ಞ’ ಎಂದು ಅಂಕಿತ ಸೇರಿಸುವುದು ಅದಕ್ಕಿಂತ ಸುಲಭ. ಜನ್ಮವೃತ್ತಾಂತದ ತ್ರಿಪದಿಗಳು ಆಮೇಲೆ ಯಾರೋ ಕಟ್ಟಿ ಸೇರಿಸಿದವು ಎಂದು ವಾದಿಸಿದ ವಿದ್ವಾಂಸರು ಹಲವರಿದ್ದಾರೆ. ಒಮ್ಮೆ ಒಂದು ಪ್ರತಿಯೊಳಗೆ ಸೇರಿಕೊಂಡದ್ದು ಅದನ್ನು ನೋಡಿ ಬರೆದುಕೊಂಡ ಎಲ್ಲ ಪ್ರತಿಗಳಲ್ಲೂ ಇರುತ್ತದೆ. ಹಾಗಾಗಿ ಪ್ರತಿಗಳ ತಲೆ ಎಣಿಸಿ ಪಾಠ ನಿರ್ಣಯಿಸುವವನನ್ನು ಗ್ರಂಥಸಂಪಾದನೆಯಲ್ಲಿ ಯಾರೂ ಹತ್ತಿರ ಸೇರಿಸುವುದಿಲ್ಲ. ಯಾವುದು ಯಾವುದನ್ನು ನೋಡಿ ಬರೆದದ್ದು ಎಂಬುದು ಅಲ್ಲಿ ಮೊದಲ ಪ್ರಶ್ನೆ.

ಸರ್ವಜ್ಞನ ವಚನಗಳನ್ನು ಕೈಬರಹದ ಪ್ರತಿಗಳಿಂದಲೂ ಜನರ ಬಾಯಿಂದಲೂ ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದವರು ಉತ್ತಂಗಿ ಚನ್ನಪ್ಪನವರು. ವೃತ್ತಿಯಿಂದ ಬಾಸೆಲ್ ಮಿಶನ್ನಿನ ಪಾದ್ರಿ. ಸಿದ್ಧರಾಮನ ಸಾಹಿತ್ಯದ ಮೇಲೆ, ಅನುಭವ ಮಂಟಪದ ಐತಿಹಾಸಿಕತೆಯ ಮೇಲೆ ಕೆಲಸ ಮಾಡಿದವರು, 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಪುಸ್ತಕ ಬರೆದದ್ದೂ ಇವರೇ. ಬೈಬಲ್ಲನ್ನು ದೇವರ ಮಾತೆಂದು ಬೋಧಿಸುವ ಮನುಷ್ಯ ಮಾಸೂರಿನ ಹೆಸರಿನೊಡನೆ ಬೆಳೆದ ಪದಗಳ ಮುಂದೆ ಕುಳಿತು ಪಾಠಾಂತರ ಗುರುತಿಸುತ್ತಿದ್ದ ದೃಶ್ಯ ಕಣ್ಣಿಗೆ ಕಟ್ಟುವಂಥದ್ದು. ಅದೇ ಕಣ್ಣನ್ನು ಬೈಬಲ್ಲು ಕುರಾನುಗಳ ನಡುವಿನ ಹೋಲಿಕೆಯ ಮೇಲೆ ತಿರುಗಿಸಿದರೆ ಏನು ಕಾಣುತ್ತದೆ?

ಆ ಹೋಲಿಕೆಯ ಮೇಲೆ ಒಂದು ವಾದವೇ ನಿಂತಿದೆ. ಯೆಹೂದ್ಯರು, ಕ್ರೈಸ್ತರು, ಮುಸ್ಲಿಮರು ಶತಮಾನಗಳ ಕಾಲ ಒಬ್ಬರಿಗೊಬ್ಬರು ಆಗದೆ ಬದುಕಿದವರು. ಆದರೂ ಮೂವರೂ ದೇವರೊಬ್ಬನೇ ಎನ್ನುತ್ತಾರೆ. ಬೈಬಲ್ಲಿನ ಅಬ್ರಹಾಮ ಕುರಾನಿನಲ್ಲಿ ಇಬ್ರಾಹೀಮ್, ನೋಹ ನೂಹ್, ಮೋಶೆ ಮೂಸಾ. ಸೃಷ್ಟಿ, ಪ್ರಳಯ, ಪ್ರವಾದಿ, ಕೊನೆಯ ದಿನದ ತೀರ್ಪು ಮೂರರಲ್ಲೂ ಇವೆ. ಬದ್ಧವೈರಿಗಳೇ ಒಪ್ಪಿ ಹೇಳುವ ಮಾತಿನಲ್ಲಿ ಸತ್ಯ ಇರಲೇಬೇಕು, ಆದ್ದರಿಂದ ದೇವರಿದ್ದಾನೆ. ಮಸೀದಿಯ ಪ್ರವಚನದಲ್ಲೂ ಚರ್ಚಿನ ಉಪದೇಶದಲ್ಲೂ ಸರ್ವಧರ್ಮ ಸಮ್ಮೇಳನದ ವೇದಿಕೆಯಲ್ಲೂ ಈ ವಾದ ಬೇರೆ ಬೇರೆ ಅಂಗಿ ತೊಟ್ಟು ಬರುತ್ತದೆ. ಕೇಳಲು ಹಿತವಾಗಿರುತ್ತದೆ. ಚಪ್ಪಾಳೆಯೂ ಬೀಳುತ್ತದೆ.

ಗ್ರಂಥಸಂಪಾದಕನ ಕಣ್ಣಿಗೆ ಮೊದಲು ಬೀಳುವುದು ‘ಊರ್’ ಎಂಬ ಎರಡಕ್ಷರ.

ಅಬ್ರಹಾಮ ಹೊರಟು ಬಂದದ್ದು ಕಲ್ದೀಯರ ಊರ್ ಎಂಬ ಪಟ್ಟಣದಿಂದ ಎಂದು ಬೈಬಲ್ಲಿನ ಆದಿಕಾಂಡ ಹೇಳುತ್ತದೆ. ಹೀಬ್ರೂವಿನಲ್ಲಿ ‘ಊರ್’ ಎಂದರೆ ಬೆಂಕಿ, ಜ್ವಾಲೆ ಎಂಬ ಅರ್ಥವೂ ಉಂಟು. ದೇವರು ಅಬ್ರಹಾಮನನ್ನು ಊರ್‌ನಿಂದ ಹೊರತಂದ ಎಂಬ ವಾಕ್ಯವನ್ನು ಯೆಹೂದಿ ವ್ಯಾಖ್ಯಾನಕಾರರು ಬೆಂಕಿಯಿಂದ ಹೊರತಂದ ಎಂದು ಓದಿದರು. ಓದಿನಿಂದ ಕಥೆ ಹುಟ್ಟಿತು: ಅಬ್ರಹಾಮನ ತಂದೆ ವಿಗ್ರಹ ಮಾರುವವನು, ಮಗ ವಿಗ್ರಹ ಒಡೆದ, ಅರಸ ಅವನನ್ನು ಬೆಂಕಿಗೆ ಎಸೆದ, ದೇವರು ಕಾಪಾಡಿದ. ಆದಿಕಾಂಡದಲ್ಲಿ ಈ ಕಥೆ ಇಲ್ಲ. ಅದರ ಮೇಲಿನ ವ್ಯಾಖ್ಯಾನವಾದ ಬೆರೇಷಿತ್ ರಬ್ಬಾದಲ್ಲಿದೆ. ಏಳನೆಯ ಶತಮಾನದ ಕುರಾನಿನಲ್ಲಿ ಇಬ್ರಾಹೀಮ್ ವಿಗ್ರಹ ಒಡೆಯುತ್ತಾನೆ, ಬೆಂಕಿಗೆ ಬೀಳುತ್ತಾನೆ, ಬೆಂಕಿ ತಣ್ಣಗಾಗುತ್ತದೆ. ಜರ್ಮನಿಯ ಯೆಹೂದಿ ವಿದ್ವಾಂಸ ಅಬ್ರಹಾಂ ಗೈಗರ್ ಇಂಥ ಕಥೆಗಳ ಜಾಡು ಹಿಡಿದು 1833ರಲ್ಲೇ ಪುಸ್ತಕ ಬರೆದ.

ಇಲ್ಲಿ ಕನ್ನಡಿಗನಿಗೊಂದು ತಮಾಷೆ ಕಾದಿದೆ. ಹೀಬ್ರೂವಿನ ಪಟ್ಟಣ ನಮ್ಮ ‘ಊರು’, ಹೀಬ್ರೂವಿನ ಜ್ವಾಲೆ ನಮ್ಮ ‘ಉರಿ’. ಈ ಹೋಲಿಕೆಯಿಂದ ಅಬ್ರಹಾಮ ಕನ್ನಡಿಗನೆಂದು ಯಾರೂ ಸಾಧಿಸಬಾರದು, ಇದು ಬರೀ ಕಾಕತಾಳೀಯ. ಆದರೆ ಹೋಲಿಕೆಯಲ್ಲೂ ಜಾತಿಗಳಿವೆ ಎಂದು ತೋರಿಸಲು ಇದು ಒಳ್ಳೆಯ ಉದಾಹರಣೆ. ಕೆಲವು ಆಕಸ್ಮಿಕ, ಕೆಲವು ನೋಡಿ ಬರೆದದ್ದು ಅಥವಾ ಕೇಳಿ ಹೇಳಿದ್ದು, ಕೆಲವು ಮಾತ್ರ ಇಬ್ಬರು ಬೇರೆ ಬೇರೆಯಾಗಿ ಒಂದೇ ವಸ್ತುವನ್ನು ಕಂಡದ್ದರಿಂದ ಬಂದದ್ದು. ದೇವರಿಗೆ ಸಾಕ್ಷಿಯಾಗಬಲ್ಲದ್ದು ಈ ಕೊನೆಯ ಬಗೆ. ಬೆಂಕಿಗೆ ಬಿದ್ದ ಇಬ್ರಾಹೀಮನ ಕಥೆ ನಡುವಿನ ಬಗೆಗೆ ಸೇರಿದ್ದು. ಒಬ್ಬ ಲಿಪಿಕಾರನ ಕೈತಪ್ಪು ಎರಡು ಪ್ರತಿಗಳಲ್ಲಿ ಕಂಡರೆ ಅವುಗಳ ನಂಟು ಹೇಗೆ ಬಯಲಾಗುತ್ತದೋ ಹಾಗೆ.

ಮಣ್ಣಿನ ಹಕ್ಕಿಗಳದ್ದೂ ಇದೇ ಕಥೆ. ಈಸಾ, ಅಂದರೆ ಯೇಸು, ಮಣ್ಣಿನಿಂದ ಹಕ್ಕಿ ಮಾಡಿ ಜೀವ ತುಂಬಿದ ಎಂದು ಕುರಾನು ಹೇಳುತ್ತದೆ. ಬೈಬಲ್ಲಿನ ನಾಲ್ಕು ಸುವಾರ್ತೆಗಳಲ್ಲಿ ಅದಿಲ್ಲ. ಚರ್ಚು ಒಪ್ಪದೆ ಹೊರಗಿಟ್ಟ, ತೋಮನ ಹೆಸರಿನ ಬಾಲ್ಯಸುವಾರ್ತೆಯಲ್ಲಿದೆ. ಕೇಳಿದ ಕಥೆ ಕೇಳಿದವರ ಬಾಯಲ್ಲಿ ಬೆಳೆದಿದೆ. ಇದರಲ್ಲಿ ಅವಮಾನವೇನೂ ಇಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ಬಂತೆಂದರೆ ಪಂಜಾ ಕೂಡಿಸಿ, ಕುಣಿ ತೋಡಿ ಬೆಂಕಿ ಹಾಕಿ, ಹೆಜ್ಜೆಮೇಳ ಕಟ್ಟಿ ರಿವಾಯತ ಪದ ಹಾಡುತ್ತಾರೆ. ಮುಸ್ಲಿಮರ ಮನೆ ಒಂದೂ ಇಲ್ಲದ ಊರಿನಲ್ಲೂ ಹಬ್ಬ ನಡೆಯುವುದುಂಟು. ಆ ಪದಗಳು ಹಾಡುವ, 680ರಲ್ಲಿ ಕರ್ಬಲಾದಲ್ಲಿ ನಡೆದ ಕದನವನ್ನು ಕನ್ನಡದ ರೈತರು ಇರಾಕಿನವರಿಂದ ಬೇರೆಯಾಗಿ ಕಂಡರು ಎಂದು ಯಾರೂ ವಾದಿಸುವುದಿಲ್ಲ. ಪದ ಬಾಯಿಂದ ಬಾಯಿಗೆ ಬಂತು, ಬಂದು ಇಲ್ಲಿನದಾಯಿತು, ಅಷ್ಟೆ.

ಮೂರು ಧರ್ಮಗಳ ಮೂಲಪ್ರತಿಯಲ್ಲೇ ದೇವರೊಬ್ಬನೇ ಎಂಬ ಮಾತಿದ್ದರೆ ಸಾಕಲ್ಲವೇ ಎಂದು ಕೇಳಬಹುದು. ಮೂಲಪ್ರತಿಯನ್ನು ಹುಡುಕಿಕೊಂಡು ಹೋದರೆ ತೊಡಕು ಹೆಚ್ಚುತ್ತದೆ. 1872ರ ಡಿಸೆಂಬರಿನಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಜಾರ್ಜ್ ಸ್ಮಿತ್, ನಿನೆವೆಯ ಮಣ್ಣಿನ ಹಲಗೆಯಲ್ಲಿ ತಾನು ಓದಿದ್ದನ್ನು ಸಭೆಗೆ ತಿಳಿಸಿದ. ಮಹಾಪ್ರಳಯ, ದೋಣಿ, ಬೆಟ್ಟಕ್ಕೆ ಹತ್ತಿ ನಿಂತ ದೋಣಿಯಿಂದ ನೆಲ ಹುಡುಕಲು ಬಿಟ್ಟ ಪಾರಿವಾಳ ಮತ್ತು ಕಾಗೆ, ಎಲ್ಲವೂ ಗಿಲ್ಗಮೆಶನ ಕಾವ್ಯದಲ್ಲಿದ್ದವು. ನೋಹನ ಜಾಗದಲ್ಲಿ ಉತ್ನಪಿಷ್ಟಿಮ್ ಇದ್ದ. ದೇವರು ಮಾತ್ರ ಒಬ್ಬನಲ್ಲ. ಎನ್ಲಿಲ್ ಪ್ರಳಯ ತರುತ್ತಾನೆ, ಏಆ ಗುಟ್ಟಾಗಿ ಎಚ್ಚರಿಸುತ್ತಾನೆ, ಉಳಿದ ದೇವತೆಗಳು ಹೆದರಿ ಆಕಾಶಕ್ಕೆ ಓಡುತ್ತಾರೆ. ಪ್ರಳಯದ ಕಥೆ ಮೂರು ಧರ್ಮಗಳಲ್ಲಿರುವುದು ಏಕದೇವನಿಗೆ ಸಾಕ್ಷಿಯಾದರೆ, ಅದಕ್ಕಿಂತ ಹಳೆಯ ಪ್ರತಿ ಈ ದೇವತೆಗಳ ಗುಂಪಿಗೂ ಸಾಕ್ಷಿಯಾಗಬೇಕು. 1975-76ರಲ್ಲಿ ಸಿನಾಯಿ ಮರುಭೂಮಿಯ ಕುಂತಿಲ್ಲತ್ ಅಜ್ರೂದ್‌ನಲ್ಲಿ ಅಗೆದಾಗ ಯೆಹೋವನ ಜೊತೆಗೆ ಅಶೇರಾ ಹೆಸರಿರುವ, ಕ್ರಿಸ್ತಪೂರ್ವ ಎಂಟನೆಯ ಶತಮಾನದ ಆಸುಪಾಸಿನ ಬರಹ ಸಿಕ್ಕಿತು. ಅಶೇರಾ ಎಂದರೆ ಅಲ್ಲಿ ದೇವಿಯೋ ಅವಳ ಗುರುತಿನ ಕಂಬವೋ ಎಂದು ಪಂಡಿತರ ಜಗಳ ಇನ್ನೂ ಮುಗಿದಿಲ್ಲ. ಹೇಗೇ ಓದಿದರೂ ‘ದೇವರೊಬ್ಬನೇ’ ಎಂಬ ಮಾತು ಇಸ್ರಾಯೇಲಿನಲ್ಲೂ ಒಂದೇ ದಿನ ಇಳಿದು ಬರಲಿಲ್ಲ.

ಆಸ್ತಿಕರ ಕಡೆಯಿಂದ ಇದಕ್ಕೆ ಗಟ್ಟಿ ಉತ್ತರವೊಂದಿದೆ. ಕಥೆ ಹೇಗೆ ಬಂತು ಎಂದು ತೋರಿಸಿದ ಮಾತ್ರಕ್ಕೆ ಕಥೆ ಸುಳ್ಳಾಗುವುದಿಲ್ಲ. ಕುರಾನು ತಾನು ಹಿಂದಿನ ಗ್ರಂಥಗಳನ್ನು ದೃಢಪಡಿಸುವುದಾಗಿ ತಾನೇ ಹೇಳಿಕೊಳ್ಳುತ್ತದೆ. ಮೂಲ ಒಂದೇ ಆದ್ದರಿಂದ ಹೋಲಿಕೆ ಇದೆ, ಹಿಂದಿನವರು ತಿದ್ದಿದ್ದರಿಂದ ವ್ಯತ್ಯಾಸ ಇದೆ ಎಂಬುದು ಮುಸ್ಲಿಂ ವಿದ್ವಾಂಸರ ನಿಲುವು. ಉತ್ತರದ ಮೊದಲ ಭಾಗ ಪೂರ್ತಿ ಸರಿ. ಎರಡನೆಯ ಭಾಗದಲ್ಲಿ ಒಂದು ಎಡವಟ್ಟಿದೆ: ಹೋಲಿದರೂ ಗೆಲುವು, ಹೋಲದಿದ್ದರೂ ಗೆಲುವು. ಯಾವ ಫಲಿತಾಂಶ ಬಂದರೂ ಸೋಲದ ಪಂದ್ಯದಲ್ಲಿ ಹೋಲಿಕೆಯನ್ನು ಸಾಕ್ಷಿಗೆ ಕರೆಯುವ ಅಗತ್ಯವೇ ಇರಲಿಲ್ಲ.

ಇನ್ನು ವ್ಯತ್ಯಾಸಗಳು ಅಂಚಿನ ವಿವರಗಳಲ್ಲಿ ಇಲ್ಲ. ನೋಹನ ಮೂವರು ಮಕ್ಕಳೂ ಉಳಿದರೆಂದು ಆದಿಕಾಂಡ, ನೂಹನ ಒಬ್ಬ ಮಗ ಮುಳುಗಿದನೆಂದು ಕುರಾನು. ಇದನ್ನು ಪಾಠಾಂತರ ಎಂದು ಬಿಡಬಹುದು. ಬಲಿಗೆ ಕೊಂಡೊಯ್ದದ್ದು ಇಸಾಕನನ್ನು ಎಂದು ಬೈಬಲ್ಲು ಹೇಳುತ್ತದೆ. ಕುರಾನು ಮಗನ ಹೆಸರು ಹೇಳುವುದಿಲ್ಲ. ಇಸ್ಹಾಕ್ ಎಂದ ಮುಸ್ಲಿಂ ವ್ಯಾಖ್ಯಾನಕಾರರೂ ಮೊದಲಿಗೆ ಇದ್ದರು, ಕೊನೆಗೆ ನಿಂತದ್ದು ಇಸ್ಮಾಯೀಲ್. ಅದನ್ನೂ ಬಿಡೋಣ. ಆದರೆ ಯೇಸು ಶಿಲುಬೆಯ ಮೇಲೆ ಸತ್ತನೇ? ಕ್ರೈಸ್ತ ನಂಬಿಕೆ ನಿಂತಿರುವುದೇ ಆ ಸಾವಿನ ಮೇಲೆ. ಕುರಾನಿನ ನಾಲ್ಕನೆಯ ಅಧ್ಯಾಯ ಅದನ್ನು ಅಲ್ಲಗಳೆಯುತ್ತದೆ. ಯೆಹೂದ್ಯರಿಗೆ ಅವನು ಮೆಸ್ಸೀಯನೇ ಅಲ್ಲ. ದೇವರಿಗೆ ಮಗನುಂಟು ಎಂಬುದು ಒಬ್ಬರಿಗೆ ಸುವಾರ್ತೆ, ಇನ್ನಿಬ್ಬರಿಗೆ ದೈವನಿಂದೆ. ಮೂವರ ಹೇಳಿಕೆಯಲ್ಲಿ ಕೂಡಿಬಂದ ಭಾಗವನ್ನಷ್ಟೇ ಹೆಕ್ಕಿ, ಒಬ್ಬರನ್ನೊಬ್ಬರು ಸುಳ್ಳೆನ್ನುವ ಭಾಗವನ್ನು ಬದಿಗಿಡುವ ವಕೀಲನನ್ನು ಯಾವ ನ್ಯಾಯಾಧೀಶನೂ ಸಹಿಸಲಾರ.

ಹಾಗಿದ್ದರೂ ಈ ವಾದ ಸಾಯುವುದಿಲ್ಲ, ಅದಕ್ಕೆ ಬೇರೊಂದು ಉಪಯೋಗವಿದೆ. ಎರಡನೆಯ ವ್ಯಾಟಿಕನ್ ಸಭೆ 1965ರಲ್ಲಿ ಯೆಹೂದ್ಯರ ಮುಸ್ಲಿಮರ ಜೊತೆಗಿನ ನಂಟನ್ನು ಎತ್ತಿ ಹೇಳಿದ್ದು, 2023ರಲ್ಲಿ ಅಬುಧಾಬಿಯಲ್ಲಿ ಮಸೀದಿ, ಚರ್ಚು, ಸಿನಗಾಗ್ ಮೂರನ್ನೂ ಒಂದೇ ಅಳತೆಯಲ್ಲಿ ಒಂದೇ ಅಂಗಳದಲ್ಲಿ ತೆರೆದದ್ದು, ಎಲ್ಲವೂ ಜಗಳ ತಣಿಸುವ ಪ್ರಯತ್ನ. 2009ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ತಮಿಳರ ತಿರುವಳ್ಳುವರ್, ನಾಲ್ಕು ದಿನದ ನಂತರ ಚೆನ್ನೈಯಲ್ಲಿ ನಮ್ಮ ಸರ್ವಜ್ಞ ಪ್ರತಿಮೆಯಾಗಿ ನಿಂತದ್ದೂ ಹೀಗೆಯೇ. ಇಬ್ಬರ ನೀತಿಮಾತು ಒಂದೇ ಎಂದು ಅಂದು ಭಾಷಣವಾಯಿತು, ಎರಡು ರಾಜ್ಯಗಳಿಗೆ ಅದು ಬೇಕಿತ್ತು. ಹೋಲಿಕೆ ನೆರೆಹೊರೆಯ ಬದುಕಿಗೆ ಕೊಡುವ ಬಲವನ್ನು ತತ್ವದ ವಾದಕ್ಕೂ ಕೊಡುತ್ತದೆ ಎಂದು ಭಾವಿಸಿದಾಗ ಲೆಕ್ಕ ತಪ್ಪುತ್ತದೆ.

ವಾದದ ಬಲವಾದ ರೂಪ ಗ್ರಂಥಗಳಲ್ಲಿಲ್ಲ, ಅನುಭಾವದಲ್ಲಿದೆ. ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ 1819ರಲ್ಲಿ ಹುಟ್ಟಿದ ಶರೀಫರು ಇಮಾಮಸಾಹೇಬರ ಮಗ, ಕಳಸದ ಗೋವಿಂದಭಟ್ಟರ ಶಿಷ್ಯ. ಮಸೀದಿಯನ್ನೂ ಮಠವನ್ನೂ ಗುಡಿಯನ್ನೂ ಒಂದೇ ಉಸಿರಿನಲ್ಲಿ ಹಾಡಿದರು. ಸೂಫಿ, ಯೆಹೂದಿ ಕಬ್ಬಾಲ, ಕ್ರೈಸ್ತ ಸಂತರ ಬರಹ ಓದಿದವರಿಗೆ ಶರೀಫರ ಪದಗಳಲ್ಲಿ ಪರಿಚಿತ ದನಿ ಕೇಳಿಸುವುದು ನಿಜ. ಗ್ರಂಥ ನಕಲಾಗಬಹುದು, ಅನುಭವ ನಕಲಾಗುವುದಿಲ್ಲ ಎಂಬ ಮಾತಿಗೆ ತೂಕವಿದೆ. ಆದರೂ ಶರೀಫರು ಎರಡು ಪರಂಪರೆಗಳ ಒಳಗೇ ಬೆಳೆದವರು, ದೂರದಿಂದ ಬಂದ ಪ್ರತ್ಯೇಕ ಸಾಕ್ಷಿಯಲ್ಲ. ಮತ್ತೆ ಅನುಭಾವಿಗಳು ಕಂಡೆವೆಂದು ಹೇಳುವುದು ತೀರ್ಪು ಕೊಡುವ, ಪ್ರವಾದಿ ಕಳಿಸುವ ದೇವರನ್ನೇ ಆಗಬೇಕೆಂದಿಲ್ಲ. ಅಲ್ಲಮನ ಬಯಲು ಯಾರಿಗೂ ಹತ್ತು ಆಜ್ಞೆ ಕೊಡಲಿಲ್ಲ. ಈ ದಾರಿ ಎಲ್ಲಿಗಾದರೂ ಮುಟ್ಟಿದರೆ ಅಬ್ರಹಾಮನ ಮನೆ ಬಾಗಿಲಿಗೇ ಮುಟ್ಟುತ್ತದೆ ಎಂಬ ಖಾತರಿಯಿಲ್ಲ.

ಉಳಿದದ್ದು ನೀತಿಯ ಹೋಲಿಕೆ. ಕೊಲ್ಲಬೇಡ, ಕದಿಯಬೇಡ, ಸುಳ್ಳು ಹೇಳಬೇಡ ಎಂದು ಮೂರು ಧರ್ಮಗಳೂ ಹೇಳುವುದಕ್ಕೆ ಆಜ್ಞೆ ಕೊಟ್ಟವನೊಬ್ಬ ಇರಬೇಕು ಎನ್ನುವವರು ಹಾವೇರಿ ಸೀಮೆಯಲ್ಲಿ ಒಂದು ಸುತ್ತು ಹಾಕಬೇಕು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಈ ನೆಲದಲ್ಲಿ ಬಸದಿಗಳು ತುಂಬಿದ್ದವು. ಜೈನರ ಐದು ವ್ರತಗಳಲ್ಲಿ ಅಹಿಂಸೆ, ಸತ್ಯ, ಅಸ್ತೇಯ ಮೂರೂ ಇವೆ, ಅಹಿಂಸೆಯಂತೂ ಇರುವೆಯವರೆಗೆ ಹೋಗುತ್ತದೆ. ಆದರೆ ಜಗತ್ತನ್ನು ಸೃಷ್ಟಿಸಿದ ದೇವರು ಅವರ ದರ್ಶನದಲ್ಲಿ ಇಲ್ಲ. ಅದೇ ನೀತಿ ಆ ದೇವರಿಲ್ಲದೆಯೂ ನಡೆದಿರುವಾಗ ನೀತಿಯ ಹೋಲಿಕೆ ಆ ದೇವರನ್ನು ತೋರಿಸಲಾರದು.

ಮಾಳಿಯ ಅಂಬಲೂರೆಂದು ಜನ ಗುರುತಿಸುವ ಅಬಲೂರು ಮಾಸೂರಿನಿಂದ ಬಹಳ ದೂರವಿಲ್ಲ. ಅಲ್ಲಿನ ಸೋಮೇಶ್ವರ ಗುಡಿಯಲ್ಲಿ 1200ರ ಸುಮಾರಿನ ದೊಡ್ಡ ಶಾಸನವಿದೆ, ಶಾಸನತಜ್ಞ ಫ್ಲೀಟ್ ಅದನ್ನು ಎಪಿಗ್ರಾಫಿಯಾ ಇಂಡಿಕಾದಲ್ಲಿ ಪ್ರಕಟಿಸಿದ. ಅದರ ಪ್ರಕಾರ ಶಿವಭಕ್ತ ಏಕಾಂತದ ರಾಮಯ್ಯ ಜೈನರೊಡನೆ ಪಣ ಕಟ್ಟಿದ, ಜೈನರು ಪಣವನ್ನು ಓಲೆಯಲ್ಲಿ ಬರೆದುಕೊಟ್ಟರು, ರಾಮಯ್ಯ ತಲೆ ಕೊಯ್ದು ಶಿವನಿಗಿಟ್ಟ, ಏಳು ದಿನದ ಮೇಲೆ ತಲೆ ಮತ್ತೆ ಕೂಡಿಕೊಂಡಿತು, ಅರಸ ಬಿಜ್ಜಳ ಜಯಪತ್ರ ಕೊಟ್ಟ. ಹರಿಹರನ ರಗಳೆಯಲ್ಲೂ ರಾಮಯ್ಯ ಇದ್ದಾನೆ, ಗುಡಿಯ ಕಲ್ಲಿನ ಮೇಲೂ ಆ ಪ್ರಸಂಗದ ಚಿತ್ರವಿದೆ. ಶಾಸನ, ಕಾವ್ಯ, ಶಿಲ್ಪ ಮೂರೂ ಒಂದೇ ಮಾತು ಹೇಳುತ್ತವೆ. ಮೂರನ್ನೂ ಮಾಡಿಸಿದವರು ಶೈವರು. ಪಣ ಬರೆದುಕೊಟ್ಟರೆಂದು ಶಾಸನ ಹೇಳುವ ಜೈನರ ಆ ಓಲೆ ಗುಡಿಯಲ್ಲಿಲ್ಲ.