ನಾರಣಪ್ಪನನ್ನು ಮಾತಾಡಿಸಿದವರು ಯಾರು?

ನಮ್ಮ ನವಲಗುಂದ ಸೀಮೆಯಲ್ಲಿ ಕಾಯಿಲೆಯವರ ಮನೆಗೆ ಹೋಗಿಬರುವುದಕ್ಕೆ ‘ಮಾತಾಡಿಸಿಕೊಂಡು ಬರೋದು’ ಎನ್ನುತ್ತಾರೆ. ದೀಪಾವಳಿಯಿಂದ ಈಚೆಗೆ ನಾನು ಪಕ್ಕದ ಮನೆಯ ಕಾಕಾನನ್ನು ದಿನಾ ಸಂಜೆ ಹೀಗೆ ಮಾತಾಡಿಸಿಕೊಂಡು ಬರುತ್ತಿದ್ದೇನೆ. ಹೊಟ್ಟೆಯ ಕ್ಯಾನ್ಸರ್. ಇನ್ನು ಆಸ್ಪತ್ರೆಯ ಓಡಾಟ ಬೇಡವೆಂದು ಮನೆಯಲ್ಲೇ ಇದ್ದಾರೆ. ಮೊದಮೊದಲು ನಾನು ಕೇಳುತ್ತಿದ್ದುದು ಒಂದೇ ಮಾತು: ‘ಹ್ಯಾಂಗದೀರಿ ಕಾಕಾ, ಗುಳಿಗಿ ತಗೊಂಡ್ರಿ?’ ಒಂದು ದಿನ ಅವರು, ‘ಅದನ್ನ ಎಲ್ಲಾರೂ ಕೇಳತಾರ ತಮ್ಮಾ. ಬೆಣ್ಣಿಹಳ್ಳದ ದಂಡಿ ಹೊಲದಾಗ ಕಡ್ಲಿ ಹ್ಯಾಂಗದ, ಅದನ್ನ ಹೇಳು’ ಎಂದರು. ನಾನು ಆ ಕಡೆ ಹೋಗಿರಲಿಲ್ಲ. ಮರುದಿನ ಹೋಗಿ ನೋಡಿ ಬಂದು ಹೇಳಿದೆ.

ಅವರಿಗೆ ಮಂಪರು ಹತ್ತಿದಾಗ ಓದಲೆಂದು ‘ಸಂಸ್ಕಾರ’ ಒಯ್ಯುತ್ತಿದ್ದೆ. ‘ಏನದು?’ ಎಂದಾಗ ಕತೆ ಹೇಳಿದೆ. ಅಗ್ರಹಾರದಲ್ಲಿ ನಾರಣಪ್ಪ ಸತ್ತ, ಹೆಣಕ್ಕೆ ಸಂಸ್ಕಾರ ಯಾರು ಮಾಡಬೇಕೆಂದು ಬ್ರಾಹ್ಮಣರು ಜಗಳಾಡಿದರು, ಹೀಗೆ. ಎಲ್ಲ ಕೇಳಿ ಕಾಕಾ ಅಂದರು: ‘ಅದಿರಲಿ. ಜ್ವರದಾಗ ಅಂವನ ಹತ್ರ ಯಾರು ಕುಂತಿದ್ರು?’

ಅನಂತಮೂರ್ತಿಯವರ ಈ ಕಾದಂಬರಿ 1965ರಲ್ಲಿ ನಮ್ಮ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಬಂತು. 1970ರಲ್ಲಿ ಸಿನಿಮಾ ಆಯಿತು, 1976ರಲ್ಲಿ ಎ.ಕೆ. ರಾಮಾನುಜನ್ ಅವರಿಂದ ಇಂಗ್ಲಿಷಿಗೆ ಹೋಯಿತು. ಜಾತಿ, ಕಾಮ, ಧರ್ಮಸಂಕಟ, ವ್ಯಕ್ತಿಯ ಆಯ್ಕೆ ಎಂದು ಇದರ ಮೇಲೆ ನಾವು ಬರೆಯದ ವಿಷಯವಿಲ್ಲ. ಆದರೆ ಈ ಪ್ರಶ್ನೆಯನ್ನು ನನಗೆ ಯಾವ ತರಗತಿಯಲ್ಲೂ ಯಾರೂ ಕೇಳಿರಲಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ.

ಮತ್ತೆ ಓದಿದೆ. ಶಿವಮೊಗ್ಗೆಗೆ ಹೋಗಿಬಂದ ನಾರಣಪ್ಪ ಹಾಸಿಗೆ ಹಿಡಿಯುತ್ತಾನೆ. ನಾಲ್ಕು ದಿನ ಜ್ವರ, ಮೈಮೇಲೆ ಗಡ್ಡೆ. ಅಷ್ಟೂ ದಿನ ಚಂದ್ರಿ ಒಬ್ಬಳೇ ಇದ್ದಾಳೆ. ಅವನು ಸತ್ತ ಮೇಲೆಯೇ ಅವಳು ಪ್ರಾಣೇಶಾಚಾರ್ಯರ ಮನೆಗೆ ಬರುವುದು. ಊರಿನವರಿಗೆ ಕಾಯಿಲೆಯ ಸುದ್ದಿ ಗೊತ್ತಿರಲಿಲ್ಲವಲ್ಲ ಎಂದು ವಾದಿಸಬಹುದು. ನಿಜ. ಆದರೆ ಒಂದೇ ಕೇರಿಯ ಊರಲ್ಲಿ ನಾಲ್ಕು ದಿನದ ಜ್ವರ ಯಾರಿಗೂ ಗೊತ್ತಾಗದೆ ಉಳಿದದ್ದು ಹೇಗೆ? ಹೆಣದ ಮುಂದೆ ಎದ್ದ ಪ್ರಶ್ನೆಗೆ ಉತ್ತರ ಆ ನಾಲ್ಕು ದಿನಗಳಲ್ಲೇ ಸಿಕ್ಕಿಹೋಗಿತ್ತು ಎಂದು ನನಗೀಗ ಅನ್ನಿಸುತ್ತದೆ. ಇದ್ದಾಗ ಮಾತಾಡಿಸದವರು ಸತ್ತಾಗ ಹೆಗಲು ಕೊಡುವ ಹಕ್ಕನ್ನು ಎಲ್ಲಿಂದ ತರಬೇಕು? ಪ್ರಾಣೇಶಾಚಾರ್ಯರು ಮಗನನ್ನು ದಾರಿಗೆ ತರುತ್ತೇನೆಂದು ಸಾಯುತ್ತಿದ್ದ ಅವನ ತಾಯಿಗೆ ಮಾತು ಕೊಟ್ಟವರು. ತಿದ್ದುವುದಕ್ಕಾಗಿ ಅವರು ನಾರಣಪ್ಪನ ಮನೆಗೆ ಹೋಗಿದ್ದಾರೆ. ಸುಮ್ಮನೆ ಕೂತು ಬರುವುದಕ್ಕೆ ಹೋದಂತೆ ಕಾಣೆ.

ಆಚಾರ್ಯರ ಸ್ವಂತ ಮನೆಯಲ್ಲೇ ಕಾಯಿಲೆಯವರಿದ್ದಾರೆ. ಕಾದಂಬರಿ ಶುರುವಾಗುವುದೇ ಭಾಗೀರಥಿಗೆ ಅವರು ಸ್ನಾನ ಮಾಡಿಸುವುದರಿಂದ. ನಾನು ಮೊದಲ ಸಲ ಓದಿದಾಗ ಇದಕ್ಕಿಂತ ದೊಡ್ಡ ಸೇವೆ ಉಂಟೇ ಎಂದುಕೊಂಡಿದ್ದೆ. ಈಗ ಕಂಡದ್ದು ಬೇರೆ. ಇನ್ನೊಂದು ಮದುವೆ ಮಾಡಿಕೊಳ್ಳಿ, ಮನೆಗೊಂದು ಮಗು ಬೇಕು ಎಂದು ಅವಳು ಹೇಳುತ್ತಾಳೆ. ಎಷ್ಟು ರಾತ್ರಿ ನಿದ್ದೆಗೆಟ್ಟು ಕಟ್ಟಿಕೊಂಡ ಮಾತೋ ಅದು! ಅವರು ನಕ್ಕು ತೇಲಿಸಿಬಿಡುತ್ತಾರೆ. ಅವರಿಗೆ ಅವಳ ಕಾಯಿಲೆ ತಮ್ಮ ತಪಸ್ಸಿನ ಯಜ್ಞವೇದಿಕೆ, ಮೋಕ್ಷದ ಮೆಟ್ಟಿಲು. ಮೈಯ ಆರೈಕೆಗೆ ಒಂದು ದಿನವೂ ತಪ್ಪಿಲ್ಲ. ಆದರೆ ಅವಳನ್ನು ಮಾತಾಡಿಸಿದ್ದಾರೆಯೇ?

ಇದು ಆಚಾರ್ಯರ ಕುರುಡೋ ಕಾದಂಬರಿಯ ಕುರುಡೋ? ಅನಂತಮೂರ್ತಿಯವರಿಗೆ ಗೊತ್ತಿತ್ತು ಎನ್ನುವುದಕ್ಕೆ ಚಂದ್ರಿಯೇ ಸಾಕ್ಷಿ. ಜ್ವರ ನೆತ್ತಿಗೇರಿದಾಗ, ಎಂದೂ ಕೈಮುಗಿಯದ ನಾರಣಪ್ಪ ದೇವರ ಹೆಸರು ಕನವರಿಸಿದ್ದನ್ನು ಅವಳು ನೆನೆಯುತ್ತಾಳೆ. ಅವನು ಬ್ರಾಹ್ಮಣನಾಗಿ ಉಳಿದಿದ್ದನೇ ಎಂದು ಅಗ್ರಹಾರ ಗ್ರಂಥಗಳಲ್ಲಿ ಹುಡುಕುತ್ತಿರುವಾಗ, ಅವನ ಕೊನೆಯ ಮಾತು ಕೇಳಿದವಳು ಜಗಲಿಯ ಹತ್ತಿರವೇ ಕೂತಿದ್ದಾಳೆ. ಅವಳನ್ನು ಯಾರೂ ಕೇಳುವುದಿಲ್ಲ. ಕೊನೆಗೆ ರಾತ್ರಿ ಹೆಣ ಸಾಗಿಸಲು ಒದಗುವವನು ಮೀನು ವ್ಯಾಪಾರದ ಅಹ್ಮದ್ ಬ್ಯಾರಿ. ನಾರಣಪ್ಪ ಹಿಂದೊಮ್ಮೆ ಕಷ್ಟದಲ್ಲಿ ಕೈಹಿಡಿದಿದ್ದನೆಂಬ ನೆನಪಷ್ಟೇ ಅವನಿಗೆ ಸಾಕು.

ಆದರೂ ನನ್ನದೊಂದು ತಕರಾರಿದೆ. ಕಾದಂಬರಿಯ ಈ ಬಲವಾದ ಜಾಗ ಕೆಲವೇ ಸಾಲುಗಳಲ್ಲಿ ಮುಗಿದುಹೋಗುತ್ತದೆ. ಆಮೇಲೆ ಕತೆ ಆಚಾರ್ಯರ ಬೆನ್ನುಹತ್ತಿ ಮೇಳಿಗೆಯ ಜಾತ್ರೆಯವರೆಗೂ ನಡೆಯುತ್ತದೆ. ನಾರಣಪ್ಪ ಮಲಗಿದ್ದ ಕೋಣೆಗೆ ಮರಳುವುದಿಲ್ಲ. 1886ರಲ್ಲಿ ಬಂದ ಟಾಲ್‌ಸ್ಟಾಯ್‌ನ ‘ಇವಾನ್ ಇಲಿಚ್‌ನ ಸಾವು’ ಕೊನೆಯ ಭಾಗದಲ್ಲಿ ರೋಗಿಯ ಕೋಣೆ ಬಿಟ್ಟು ಕದಲುವುದಿಲ್ಲ. ಅಲ್ಲಿನ ಆಳುಮಗ ಗೆರಾಸಿಮ್ ಒಡೆಯನ ಕಾಲುಗಳನ್ನು ಹೆಗಲ ಮೇಲಿಟ್ಟುಕೊಂಡು ರಾತ್ರಿಯೆಲ್ಲ ಕೂರುತ್ತಾನೆ. ನೀವು ಹುಷಾರಾಗುತ್ತೀರಿ ಎಂದು ಮನೆಮಂದಿಯೆಲ್ಲ ಸುಳ್ಳಾಡುವಾಗ ಅವನೊಬ್ಬ ಸುಳ್ಳಾಡುವುದಿಲ್ಲ. ಅದು ಸಾಧನೆಯೆಂಬ ಭಾವ ಅವನಲ್ಲಿಲ್ಲ.

ಇಷ್ಟು ಬರೆದು ಗೆರಾಸಿಮ್‌ನ ಪಕ್ಕ ನಾನೂ ನಿಂತುಕೊಂಡರೆ ಅದು ಸುಳ್ಳಾಗುತ್ತದೆ. ಕಾಕಾನ ಮನೆಯಿಂದ ಹೊರಬೀಳುವಾಗ ನನ್ನೊಳಗೆ ಒಂದು ಸಣ್ಣ ಸಮಾಧಾನ ಇರುತ್ತದೆ, ಇವತ್ತಿನದು ಆಯಿತು ಎಂಬಂಥದ್ದು. ಆ ಸಮಾಧಾನದ ಹೆಸರು ಪ್ರಾಣೇಶಾಚಾರ್ಯ. ಒಂದು ದಿನ ಹೋಗುವುದಾಗಲಿಲ್ಲ. ಮರುದಿನ ಕಾಕು, ‘ನಿನ್ನೆ ಭಾಳ ಹೊತ್ತು ಹಾದಿ ನೋಡಿದ್ರು’ ಎಂದರು. ನನಗೆ ಒಳಗೊಳಗೇ ಹೆಮ್ಮೆಯಾಯಿತು. ಹಾಸಿಗೆಯಿಂದ ಕಾಕಾ, ‘ನಿನ್ನ ಹಾದಿ ಅಲ್ಲೋ, ಕಡ್ಲಿ ಸುದ್ದಿದು’ ಎಂದು ನಕ್ಕರು.

ಅವತ್ತೇ ಅವರ ಪ್ರಶ್ನೆಗೆ ಉತ್ತರ ಹೇಳಿದೆ: ‘ಅಂವನ ಹತ್ರ ಚಂದ್ರಿ ಒಬ್ಬಾಕಿನ ಕುಂತಿದ್ಲು ಕಾಕಾ.’

‘ಹಂಗಾರ ಅಕಿ ಸುದ್ದಿ ಹೇಳು’ ಎಂದರು.

ಪುಟ ತಿರುವಿದೆ. ಆ ನಾಲ್ಕು ದಿನದ ಬಗ್ಗೆ ಹೇಳಲು ಪುಸ್ತಕದಲ್ಲಿ ಹೆಚ್ಚೇನೂ ಇರಲಿಲ್ಲ.