ವಾಕ್ಯಕರ್ಮಾನುಯೋಗ: ಕೌಟಿಲೀಯದ ಒಂದು ಪ್ರಕರಣದ ವಿಮರ್ಶೆ

ಕೌಟಿಲೀಯ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣಕ್ಕೆ ಕಂಟಕಶೋಧನವೆಂದು ಹೆಸರು. ಕಳವಿನ ಶಂಕೆಗೆ ಸಿಕ್ಕಿದವನನ್ನು ಅಧಿಕಾರಿಯು ಮಾತಿನಿಂದಲೂ ದೇಹಪೀಡೆಯಿಂದಲೂ ಹೇಗೆ ವಿಚಾರಿಸತಕ್ಕದ್ದೆಂಬುದನ್ನು ಅದರ 8ನೆಯ ಅಧ್ಯಾಯವು ವಿಧಿಸುತ್ತದೆ. ಮೈಸೂರಿನ ಪ್ರಾಚ್ಯಪುಸ್ತಕಾಲಯದಲ್ಲಿದ್ದ ಆರ್. ಶಾಮಾಶಾಸ್ತ್ರಿಗಳು ಮೂಲವನ್ನು 1909ರಲ್ಲಿಯೂ, ಇಂಗ್ಲಿಷ್ ಅನುವಾದವನ್ನು ಪುಸ್ತಕರೂಪವಾಗಿ 1915ರಲ್ಲಿಯೂ ಪ್ರಕಟಿಸಿದಂದಿನಿಂದ ಈ ಗ್ರಂಥದ ರಾಜನೀತಿಯ ಭಾಗಗಳಿಗೆ ದೊರೆತ ಪರಾಮರ್ಶೆಯು ಈ ಸಣ್ಣ ಅಧ್ಯಾಯಕ್ಕೆ ದೊರೆತಿಲ್ಲ. ದೊರೆತಲ್ಲಿಯೂ ಅದನ್ನು ಎರಡು ತುಂಡುಮಾಡಿ ಓದುವುದೇ ವಾಡಿಕೆಯಾಗಿದೆ. ಬಾಲ, ವೃದ್ಧ, ರೋಗಿ, ಗರ್ಭಿಣಿ ಮೊದಲಾದವರನ್ನು ಪೀಡಿಸಕೂಡದೆಂಬ ಮಾತನ್ನು ಮಾತ್ರ ಎತ್ತಿಕೊಂಡು, ಶಂಕಿತರ ಹಕ್ಕುಗಳು ಭರತಖಂಡದಲ್ಲಿ ಎರಡು ಸಾವಿರ ವರ್ಷಗಳ ಹಿಂದೆಯೇ ಇದ್ದುವೆಂದು ಹಿಗ್ಗುವುದು ಒಂದು ಬಗೆ. ಹದಿನೆಂಟು ವಿಧದ ಪೀಡೆಗಳ ಪಟ್ಟಿಯನ್ನು ಮಾತ್ರ ತೋರಿಸಿ, ಗ್ರಂಥಕಾರನು ನಿರ್ದಯನೆಂದು ತೀರ್ಪು ಹೇಳುವುದು ಇನ್ನೊಂದು ಬಗೆ. ಎರಡೂ ಪಟ್ಟಿಗಳನ್ನು ಬರೆದುದು ಒಂದೇ ಲೇಖನಿ. ಅವೆರಡರ ನಡುವೆ ಕೆಲವೇ ಪಂಕ್ತಿಗಳ ಅಂತರವಿದೆ. ಆ ಲೇಖನಿಯು ಅಲ್ಲಿಂದಿಲ್ಲಿಗೆ ಹೇಗೆ ಬಂದಿತೆಂಬುದೇ ವಿಮರ್ಶಕನು ಕೇಳತಕ್ಕ ಪ್ರಶ್ನೆ. ಗ್ರಂಥವು ಮೌರ್ಯರ ಕಾಲದ್ದೋ ಅನಂತರದ ಶತಮಾನಗಳದ್ದೋ ಎಂಬ ಚರ್ಚೆಗೆ ಇಲ್ಲಿ ಪ್ರವೇಶವಿಲ್ಲ.

ಅಧ್ಯಾಯದ ಆರಂಭವು ಶಾಂತವಾದುದು. ಅದು ಅಧಿಕಾರಿಗೆ ಕಲಿಸುವ ಮೊದಲನೆಯ ಪಾಠವು ಕೇಳುವುದು; ಅದೂ ಶಂಕಿತನನ್ನಲ್ಲ, ಸಾಕ್ಷಿಗಳನ್ನು. ಒಡವೆ ಕಳೆದುಕೊಂಡವನ ಸಮಕ್ಷದಲ್ಲಿ, ಹೊರಗಿನ ಮತ್ತು ಒಳಗಿನ ಸಾಕ್ಷಿಗಳಿಂದ ಶಂಕಿತನ ದೇಶ, ಜಾತಿ, ಗೋತ್ರ, ಹೆಸರು, ಕಸುಬು, ಆಸ್ತಿ, ಒಡನಾಡಿಗಳು, ವಾಸಸ್ಥಳ ಇವುಗಳನ್ನು ತಿಳಿದು ಒಂದಕ್ಕೊಂದನ್ನು ತಾಳೆ ನೋಡತಕ್ಕದ್ದು. ಆಮೇಲೆ ಶಂಕಿತನ ಸರದಿ. ಹಿಂದಿನ ಹಗಲು ಎಲ್ಲೆಲ್ಲಿ ತಿರುಗಿದನು, ರಾತ್ರಿ ಎಲ್ಲಿ ತಂಗಿದನು, ಹಿಡಿಯುವವರೆಗೆ ಏನು ಮಾಡಿದನು ಎಂದು ಕೇಳಬೇಕು. ಹೇಳಿದ ಮಾತಿಗೆ ಆಧಾರ ಸಿಕ್ಕಿದರೆ ಅವನು ಶುದ್ಧನು. ಮೂರು ರಾತ್ರಿಗಳು ಕಳೆದಮೇಲೆ ಬರಿಯ ಶಂಕೆಯಿಂದ ಯಾರನ್ನೂ ಹಿಡಿಯಕೂಡದು, ಏಕೆಂದರೆ ಆಗ ಪ್ರಶ್ನೆಗೆ ಅವಕಾಶವೇ ಉಳಿಯದು. ಕಳವಿನ ಸಾಧನವು ಸಿಕ್ಕಿದ್ದರೆ ಮಾತು ಬೇರೆ. ಕಳ್ಳನಲ್ಲದವನನ್ನು ಕಳ್ಳನೆಂದವನಿಗೆ ಕಳ್ಳನ ದಂಡವೇ ದಂಡ. ಶುದ್ಧನಾದವನನ್ನು ಬಂಧಿಸಿ ಇಟ್ಟುಕೊಂಡರೆ ಪ್ರಥಮ ಸಾಹಸದಂಡ, ಎಂದರೆ ಗ್ರಂಥದ ಲೆಕ್ಕದಂತೆ 48ರಿಂದ 96 ಪಣಗಳು. ಹಿಡಿಯುವ ಕೈಗೂ ಹೊಣೆಯುಂಟೆಂಬುದು ಇಷ್ಟರಲ್ಲಿಯೇ ಸ್ಥಾಪಿತವಾಯಿತು.

ಇದಾದಮೇಲೆ ಗ್ರಂಥದಲ್ಲಿ ಅಪರೂಪವಾದ ಒಂದು ಸಂಗತಿಯು ನಡೆಯುತ್ತದೆ. ಸೂತ್ರದ ಬಿಗಿಯನ್ನು ಸಡಿಲಿಸಿ ಗ್ರಂಥಕಾರನು ಒಂದು ಕಥೆಯನ್ನು ನೆನೆಯುತ್ತಾನೆ. ಕಳ್ಳನಲ್ಲದವನೂ ಆಕಸ್ಮಿಕವಾಗಿ ಕಳ್ಳರ ದಾರಿಯಲ್ಲಿ ಸಿಕ್ಕಿಬೀಳಬಹುದು. ಅವರಂತೆಯೇ ವೇಷವೋ ಆಯುಧವೋ ಸಾಮಾನೋ ಇದ್ದುದರಿಂದ, ಅಥವಾ ಕದ್ದ ವಸ್ತುವಿನ ಸಮೀಪದಲ್ಲಿದ್ದುದರಿಂದ ಹಿಡಿಯಲ್ಪಡಬಹುದು. ಪೀಡೆಯ ಭಯದಿಂದ ತಾನೇ ಕಳ್ಳನೆಂದು ಒಪ್ಪಿಕೊಂಡ ಮಾಂಡವ್ಯನಂತೆ. ಆದಕಾರಣ ಪ್ರಮಾಣಗಳು ಪೂರ್ಣವಾಗದೆ ದಂಡನೆಯಿಲ್ಲವೆಂಬುದು ಇದರಿಂದ ತೆಗೆದ ನಿರ್ಣಯ.

ಈ ಮಾಂಡವ್ಯನು ಯಾರು? ಮಹಾಭಾರತದ ಆದಿಪರ್ವದಲ್ಲಿ ಬರುವ ಆಣಿಮಾಂಡವ್ಯನ ಕಥೆಯು ಎಲ್ಲರಿಗೂ ಪರಿಚಿತವಾದುದೇ. ಕಳ್ಳರು ಆಶ್ರಮದಲ್ಲಿ ಒಡವೆಯನ್ನು ಬಚ್ಚಿಟ್ಟು ತಾವೂ ಅಡಗಿದರು. ಬೆನ್ನಟ್ಟಿ ಬಂದ ಕಾವಲುಗಾರರು ಕೇಳಿದಾಗ ಮೌನವ್ರತದಲ್ಲಿದ್ದ ಋಷಿಯು ಒಂದು ಮಾತನ್ನೂ ಆಡಲಿಲ್ಲ. ಕಳ್ಳರೊಡನೆ ಅವನನ್ನೂ ಶೂಲಕ್ಕೇರಿಸಿದರು. ನಾರದಸ್ಮೃತಿಯೂ ವ್ಯವಹಾರನಿರ್ಣಯವು ತಪ್ಪಬಹುದೆಂಬುದಕ್ಕೆ ಇವನನ್ನೇ ನಿದರ್ಶನವಾಗಿ ಹೆಸರಿಸುತ್ತದೆ. ಆದರೆ ಭಾರತದ ಮಾಂಡವ್ಯನು ಬಾಯಿಬಿಡದೆ ಕೆಟ್ಟನು. ಕೌಟಿಲ್ಯನ ಮಾಂಡವ್ಯನು ಬಾಯಿಬಿಟ್ಟು ಕೆಟ್ಟನು. ಇದು ಪಾಠಾಂತರದಷ್ಟು ಸಣ್ಣ ವ್ಯತ್ಯಾಸವಲ್ಲ. ಕೌಟಿಲ್ಯನು ಬೇರೊಂದು ಕಥಾಪರಂಪರೆಯನ್ನು ಬಲ್ಲವನಾಗಿದ್ದಿರಬಹುದು. ಅಥವಾ ತನ್ನ ಪ್ರಯೋಜನಕ್ಕೆ ತಕ್ಕಂತೆ ಕಥೆಯನ್ನು ತಿರುಗಿಸಿರಬಹುದು. ಹೇಗಾದರೂ ಇರಲಿ, ಅಧಿಕಾರಿಗೆ ಪಾಠ ಹೇಳುವವನಿಗೆ ಎರಡನೆಯ ರೂಪವೇ ಉಪಯುಕ್ತವಾದುದು. ಮೌನದಿಂದ ಆಗುವ ಅನ್ಯಾಯಕ್ಕೆ ಋಷಿಯ ವ್ರತವನ್ನು ಕಾರಣವೆನ್ನಬಹುದು. ಸುಳ್ಳೊಪ್ಪಿಗೆಯಿಂದ ಆಗುವ ಅನ್ಯಾಯಕ್ಕೆ ಕಾರಣನು ಪೀಡಿಸಿದವನೇ, ತಪ್ಪಿಸಿಕೊಳ್ಳಲು ದಾರಿಯಿಲ್ಲ. (ಭಾರತದ ಕಥೆಯ ಕೊನೆಯಲ್ಲಿ ಮಾಂಡವ್ಯನು ಧರ್ಮನನ್ನು ಶಪಿಸಿ, ಹದಿನಾಲ್ಕು ವರ್ಷಗಳವರೆಗೆ ಮಾಡಿದ ಕೃತ್ಯಕ್ಕೆ ಪಾಪವಿಲ್ಲವೆಂಬ ಮರ್ಯಾದೆಯನ್ನು ಕಟ್ಟುತ್ತಾನೆ. ಕೌಟಿಲ್ಯನು ಅವನ ಹೆಸರನ್ನು ಹೇಳಿದ ಮರುಕ್ಷಣವೇ ಬಾಲನನ್ನು ಪೀಡಿಸಕೂಡದೆಂದು ಹೇಳುವುದು ಆಕಸ್ಮಿಕವಾಗಿರಬಹುದು, ಗಮನಿಸತಕ್ಕದ್ದಂತೂ ಹೌದು.)

ಇಲ್ಲಿಯೇ ಪ್ರಕರಣದ ಮುಖ್ಯವಾದ ತೊಡಕು ಇರುವುದು. ಪೀಡೆಗೆ ಅಂಜಿ ನಿರಪರಾಧಿಯೂ ಒಪ್ಪಿಕೊಳ್ಳುವನೆಂದು ತಿಳಿದಮೇಲೆ ಪೀಡೆಯಿಂದ ಸತ್ಯವು ಹೊರಡದೆಂದು ತಿಳಿದಂತೆಯೇ ಆಯಿತು. ಆದರೆ ಗ್ರಂಥಕಾರನು ಅಷ್ಟು ದೂರ ಹೋಗುವುದಿಲ್ಲ. ಒಪ್ಪಿಗೆಗೆ ಬೇರೆ ಪ್ರಮಾಣದ ಬೆಂಬಲ ಬೇಕೆಂಬಲ್ಲಿಗೆ ನಿಂತು, ಮುಂದೆ ಯಾರನ್ನು ಪೀಡಿಸಕೂಡದೆಂಬ ಪಟ್ಟಿಗೆ ತಿರುಗುತ್ತಾನೆ: ಅಲ್ಪಾಪರಾಧಿ, ಬಾಲ, ವೃದ್ಧ, ರೋಗಿ, ಮತ್ತ, ಹುಚ್ಚ, ಹಸಿವು ಬಾಯಾರಿಕೆ ದಾರಿಯ ದಣಿವುಗಳಿಂದ ಬಳಲಿದವನು, ಅತಿಯಾಗಿ ಉಂಡವನು, ದುರ್ಬಲನು. ಗರ್ಭಿಣಿಯನ್ನೂ ಹೆತ್ತು ತಿಂಗಳಾಗದವಳನ್ನೂ ಮುಟ್ಟಕೂಡದು. ಇತರ ಸ್ತ್ರೀಯರಿಗೆ ಅರ್ಧಪೀಡೆ, ಇಲ್ಲವೆ ಮಾತಿನ ವಿಚಾರಣೆ ಮಾತ್ರ. ಬ್ರಾಹ್ಮಣನಿಗೂ ಶ್ರುತವಂತನಿಗೂ ತಪಸ್ವಿಗೂ ಗೂಢಚಾರರ ಕಾವಲು. ಈ ಪಟ್ಟಿಯಲ್ಲಿ ಎರಡು ಜಾತಿಯ ವಿನಾಯಿತಿಗಳು ಬೆರೆತಿರುವುದನ್ನು ಹೊಗಳುವವರು ಕಾಣುವುದಿಲ್ಲ. ಹಸಿದವನಿಗೂ ರೋಗಿಗೂ ವಿನಾಯಿತಿ ಕೊಟ್ಟುದು ದೇಹವು ತಾಳದೆಂಬುದರಿಂದ. ಬ್ರಾಹ್ಮಣನಿಗೆ ಕೊಟ್ಟುದು ಪದವಿಯಿಂದ. ಇವೆರಡರಲ್ಲಿ ಯಾವುದೂ, ಶಂಕಿತನು ಶಂಕಿತನಾದುದರಿಂದಲೇ ಅವನಿಗೆ ಸಲ್ಲುವ ಹಕ್ಕಲ್ಲ. ಗಟ್ಟಿದೇಹದ ಅಬ್ರಾಹ್ಮಣನೊಬ್ಬನು ಶಂಕೆಗೆ ಸಿಕ್ಕಿ ಶುದ್ಧಿಯನ್ನು ತೋರಿಸಲಾರದೆ ಹೋದರೆ ಪಟ್ಟಿಯು ಅವನ ನೆರವಿಗೆ ಬಾರದು.

ಪಟ್ಟಿಯ ಕೊನೆಯಲ್ಲಿ, ಇದನ್ನು ಮೀರಿದರೆ ಮಾಡಿದವನಿಗೂ ಮಾಡಿಸಿದವನಿಗೂ ಉತ್ತಮ ಸಾಹಸದಂಡವೆಂದೂ, ಪೀಡೆಯಿಂದ ಕೊಂದವನಿಗೂ ಅದೇ ಎಂದೂ ವಿಧಿಯಿದೆ. ಇದರಲ್ಲಿ ‘ಇದನ್ನು’ ಎಂದರೆ ಯಾವುದನ್ನು? ಸಮೀಪದಲ್ಲಿರುವ ಬ್ರಾಹ್ಮಣತಪಸ್ವಿಗಳ ನಿಯಮವನ್ನು ಮಾತ್ರವೆ, ಅಥವಾ ಮೇಲಿನ ಸಮಸ್ತ ನಿಷೇಧಗಳನ್ನೂ ಆಗಬಹುದೆ? ವ್ಯಾಕರಣವು ಮೊದಲನೆಯದರ ಕಡೆಗೆ ಎಳೆಯುತ್ತದೆ. ಆದರೆ ಪೀಡೆಯಿಂದ ಮರಣವುಂಟಾಗುವ ಮಾತು ಅದೇ ವಾಕ್ಯದಲ್ಲಿದೆ. ಗೂಢಚಾರರ ವಶದಲ್ಲಿಡಬೇಕಾದವನಿಗಿಂತ ಹಸಿದವನಿಗೂ ರೋಗಿಗೂ ಬಾಣಂತಿಗೂ ಆ ಮರಣವು ಹತ್ತಿರವಾದುದರಿಂದ ವ್ಯಾಪಕವಾದ ಅರ್ಥವೇ ಪ್ರಕರಣಕ್ಕೆ ಹೊಂದುವಂತೆ ತೋರುತ್ತದೆ. ಯಾವ ಅರ್ಥವನ್ನು ಹಿಡಿದರೂ ‘ಮಾಡಿಸಿದವನು’ ಎಂಬ ಪದದ ಬೆಲೆಯು ಕುಗ್ಗದು. ಕೋಲು ಹಿಡಿದ ಕೈಯನ್ನಷ್ಟೇ ದಂಡಿಸಿ, ಅಪ್ಪಣೆ ಕೊಟ್ಟ ಬಾಯನ್ನು ಬಿಡುವ ಅಭ್ಯಾಸವು ಲೋಕದಲ್ಲಿ ಹಳೆಯದು. ಅಧ್ಯಾಯದಲ್ಲಿ ಇಂದಿನ ಓದುಗನೂ ತಲೆಬಾಗತಕ್ಕ ಒಂದು ಪದವಿದ್ದರೆ ಅದು ಇದೇ.

ಆಮೇಲೆ ಪೀಡೆಗಳ ಎಣಿಕೆ. ವ್ಯವಹಾರದಲ್ಲಿ ಸಾಮಾನ್ಯವಾದ ನಾಲ್ಕು ಬಗೆಗಳಲ್ಲಿ ದೊಣ್ಣೆ, ಚಾವಟಿ, ತೂಗುಹಾಕುವುದು, ನೀರಿನ ನಾಳ ಇವೆ. ಘೋರಪಾಪಿಗಳಿಗೆ ಬೆತ್ತ, ಚೇಳಿನಂತೆ ಕಟ್ಟುವುದು, ಕೈಗೆ ಸೂಜಿ, ಬೆರಳಿನ ಗೆಣ್ಣನ್ನು ಸುಡುವುದು ಮುಂತಾದುವು. ದಿನ ಬಿಟ್ಟು ದಿನಕ್ಕೆ ಒಂದೊಂದೇ ಪ್ರಯೋಗ. ಸಂಖ್ಯೆಗಳನ್ನೆಲ್ಲ ಇಲ್ಲಿ ನಕಲುಮಾಡುವುದರಿಂದ ಪ್ರಯೋಜನವಿಲ್ಲ. ಗಮನಿಸತಕ್ಕದ್ದು ಬೇರೊಂದು. ಸಾಧನಗಳ ಅಳತೆಯನ್ನೂ ಪ್ರಯೋಗಿಸುವ ರೀತಿಯನ್ನೂ ಖರಪಟ್ಟವೆಂಬ ಗ್ರಂಥದಿಂದ ತಿಳಿಯಬೇಕೆಂದು ಕೌಟಿಲ್ಯನು ಹೇಳುತ್ತಾನೆ. ಆ ಗ್ರಂಥವು ಉಳಿದುಬಂದಿಲ್ಲ. ಎಂದಮೇಲೆ ಅಧಿಕಾರಿಯ ಕೈಯಲ್ಲಿದ್ದ ನಿಜವಾದ ಕೈಪಿಡಿಯು ಅರ್ಥಶಾಸ್ತ್ರವಲ್ಲ, ಖರಪಟ್ಟ. ಮಿತಿಯನ್ನು ಹೇಳಿದ ಗ್ರಂಥವು ವಿದ್ವಾಂಸರಿಗೆ ದೊರೆತಿದೆ. ಕಸುಬನ್ನು ಕಲಿಸಿದ ಗ್ರಂಥವು ಕಣ್ಮರೆಯಾಗಿದೆ. ಪಲ್ಲವರಾಜನಾದ ಮಹೇಂದ್ರವರ್ಮನ ಮತ್ತವಿಲಾಸ ಪ್ರಹಸನದಲ್ಲಿ ಚೋರಶಾಸ್ತ್ರವನ್ನು ರಚಿಸಿದವನೆಂದು ಖರಪಟನಿಗೆ ನಮಸ್ಕಾರವು ಸಲ್ಲುತ್ತದೆ. ಕಳ್ಳರ ಆಚಾರ್ಯನೂ ಕಳ್ಳರನ್ನು ಬಾಯಿಬಿಡಿಸುವವರ ಆಚಾರ್ಯನೂ ಒಬ್ಬನೇ ಹೆಸರಿನವನಾದುದು, ಪ್ರಹಸನಕಾರನು ಉದ್ದೇಶಿಸದೆಯೇ ಒದಗಿದ ಹಾಸ್ಯ.

9ನೆಯ ಅಧ್ಯಾಯವು ಅಧಿಕಾರಿಗಳ ಮೇಲೆಯೇ ಕಣ್ಣಿಡುತ್ತದೆ. ಬಂಧನಾಗಾರದ ಅಧ್ಯಕ್ಷನು ತಿಳಿಸದೆ ಸೆರೆಯವನನ್ನು ಹೊರಗೆ ತಿರುಗಾಡಿಸಿದರೆ 24 ಪಣ, ಪೀಡಿಸಿದರೆ ಅದರ ಇಮ್ಮಡಿ, ಸ್ಥಳ ಬದಲಾಯಿಸಿದರೆ ಅಥವಾ ಅನ್ನನೀರುಗಳನ್ನು ತಡೆದರೆ 96, ಹಿಂಸಿಸಿದರೆ ಅಥವಾ ಲಂಚ ಕಿತ್ತರೆ ಮಧ್ಯಮ ಸಾಹಸದಂಡ, ಕೊಂದರೆ 1000 ಪಣ. ಅನ್ನನೀರು ತಡೆಯುವುದನ್ನು ಹೊಡೆತಕ್ಕಿಂತ ಹೆಚ್ಚಿನ ತಪ್ಪೆಂದು ಎಣಿಸಿದುದರಲ್ಲಿ ಸೆರೆಮನೆಯ ಅನುಭವವುಳ್ಳ ಬುದ್ಧಿಯು ಕಾಣುತ್ತದೆ. ಆದರೆ ಸೆರೆಯಲ್ಲಿರುವ ಸ್ತ್ರೀಯನ್ನು ಕೆಡಿಸಿದ ಅಧಿಕಾರಿಗೆ, ಆಕೆ ದಾಸಿಯಾದರೆ ಪ್ರಥಮ, ಕಳ್ಳನ ಹೆಂಡತಿಯಾದರೆ ಮಧ್ಯಮ, ಆರ್ಯೆಯಾದರೆ ಉತ್ತಮ ದಂಡವೆಂಬ ಏಣಿಯನ್ನು ಅದೇ ಅಧ್ಯಾಯವು ಕಟ್ಟುತ್ತದೆ. ತರಗತಿಯಲ್ಲಿ ಮೊದಲಿನ ವಾಕ್ಯಗಳನ್ನು ಓದಿಸಿ ಇದನ್ನು ದಾಟಿಸುವ ಉಪಾಧ್ಯಾಯನು ಗ್ರಂಥಕ್ಕೂ ವಿದ್ಯಾರ್ಥಿಗೂ ಅಪಚಾರವೆಸಗುತ್ತಾನೆ.

ಕೌಟಿಲ್ಯನು ತೆಗೆಯದೆ ಬಿಟ್ಟ ನಿರ್ಣಯವನ್ನು ತೆಗೆದುದು ಬಹುಕಾಲದ ಅನಂತರ ಬಂದ ಕಾನೂನು. ಮದರಾಸು ಪ್ರಾಂತ್ಯದಲ್ಲಿ ಕಂದಾಯಕ್ಕಾಗಿಯೂ ಒಪ್ಪಿಗೆಗಾಗಿಯೂ ಪ್ರಜೆಗಳನ್ನು ಪೀಡಿಸುತ್ತಿದ್ದ ವಿಷಯವನ್ನು 1855ರಲ್ಲಿ ಒಂದು ಆಯೋಗವು ವರದಿಮಾಡಿತು. ಬಳ್ಳಾರಿ ಮತ್ತು ಕನ್ನಡ ಜಿಲ್ಲೆಗಳು ಆಗ ಆ ಪ್ರಾಂತ್ಯಕ್ಕೆ ಸೇರಿದ್ದುವು. 1860ರ ದಂಡಸಂಹಿತೆಯ 330ನೆಯ ಕಲಮು ಒಪ್ಪಿಗೆಗಾಗಿ ನೋಯಿಸುವುದನ್ನು ಅಪರಾಧವನ್ನಾಗಿ ಮಾಡಿತು. ಅದಕ್ಕೆ ಕೊಟ್ಟ ಮೊದಲನೆಯ ದೃಷ್ಟಾಂತದಲ್ಲಿ ಪೀಡಿಸುವವನು ಪೋಲೀಸು ಅಧಿಕಾರಿಯೆಂದೇ ಹೇಳಿದೆ. ಪೀಡೆಗೊಳಗಾದವನು ಬರಿಯ ಒಂದು ಅಕ್ಷರ. ಕೌಟಿಲ್ಯನ ದೃಷ್ಟಾಂತದಲ್ಲಿ ಇದು ತಲೆಕೆಳಗು: ನೊಂದವನಿಗೆ ಹೆಸರುಂಟು, ನೋಯಿಸಿದವನ ಉದ್ಯೋಗದ ಸುದ್ದಿಯಿಲ್ಲ. 1861ರ ದಂಡಪ್ರಕ್ರಿಯಾ ಶಾಸನವೂ, ಅದನ್ನನುಸರಿಸಿ 1872ರ ಸಾಕ್ಷ್ಯಶಾಸನದ 25ನೆಯ ಕಲಮೂ ಪೋಲೀಸು ಅಧಿಕಾರಿಗೆ ಮಾಡಿದ ಒಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಮಾಡಕೂಡದೆಂದುವು. ಮಾಂಡವ್ಯನ ಕಥೆಯ ನ್ಯಾಯವಾದ ಫಲವು ಇದು. ಆದರೆ ಅದೇ ಶಾಸನದ 27ನೆಯ ಕಲಮು ಒಂದು ಕಿಂಡಿಯನ್ನು ಬಿಟ್ಟಿತು: ಹೇಳಿಕೆಯಿಂದ ವಸ್ತುವು ಪತ್ತೆಯಾದರೆ ಆ ಪತ್ತೆಗೆ ಸಂಬಂಧಿಸಿದಷ್ಟು ಮಾತು ಸಲ್ಲುತ್ತದೆ. ಒಪ್ಪಿಗೆಯನ್ನಲ್ಲ, ಸಾಧನವನ್ನೂ ಒಡವೆಯನ್ನೂ ಹುಡುಕೆಂದ ಕೌಟಿಲ್ಯನ ಬುದ್ಧಿಗೂ ಈ ಕಿಂಡಿಗೂ ನಂಟು ಕಾಣುತ್ತದೆ. ಅಪಾಯವೂ ಎರಡರಲ್ಲಿ ಒಂದೇ, ಒಡವೆ ಸಿಕ್ಕುವವರೆಗೆ ನಡೆದುದನ್ನು ಯಾರೂ ಕೇಳರೆಂಬುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಕಲಮಿನಲ್ಲಿ ನಿಷೇಧವೂ ಕಿಂಡಿಯೂ ಒಂದೇ ಮನೆಯಲ್ಲಿವೆ. ಸಂವಿಧಾನದ 20ನೆಯ ಅನುಚ್ಛೇದದ ಮೂರನೆಯ ಖಂಡವು, ಯಾವ ಆರೋಪಿಯನ್ನೂ ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲಾತ್ಕರಿಸಕೂಡದೆನ್ನುವುದರಿಂದ, ಭಾರತದ ಮಾಂಡವ್ಯನ ಮೌನಕ್ಕೂ ರಕ್ಷಣೆ ದೊರೆತಂತಾಯಿತು. 2010ರಲ್ಲಿ ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಣ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಔಷಧ ಕೊಟ್ಟು ಮಾತಾಡಿಸುವ ಪರೀಕ್ಷೆಯನ್ನು ಸಮ್ಮತಿಯಿಲ್ಲದೆ ನಡೆಸಕೂಡದೆಂದಿತು. 1996ರ ಡಿ. ಕೆ. ಬಸು ತೀರ್ಪು ಬಂಧಿಸುವ ಅಧಿಕಾರಿಯ ಹೆಸರುಪಟ್ಟಿ, ಸಾಕ್ಷಿಯ ರುಜುವುಳ್ಳ ಬಂಧನಪತ್ರ, ಬಂಧುಗಳಿಗೆ ಸುದ್ದಿ, 48 ಗಂಟೆಗಳಿಗೊಮ್ಮೆ ವೈದ್ಯಪರೀಕ್ಷೆ ಇವುಗಳನ್ನು ವಿಧಿಸಿ, ತಪ್ಪಿದವನ ಮೇಲೆ ಇಲಾಖೆಯ ಕ್ರಮವನ್ನೂ ನ್ಯಾಯಾಲಯನಿಂದೆಯ ಹೊಣೆಯನ್ನೂ ಹೊರಿಸಿತು. ಈ ವಿಧಿಗಳಲ್ಲಿ ದೇಹಬಲವನ್ನೋ ಜಾತಿಯನ್ನೋ ನೋಡಿ ಕೊಡುವ ವಿನಾಯಿತಿಯಿಲ್ಲ. ಕೌಟಿಲೀಯದ ಪಟ್ಟಿಗೂ ಇವಕ್ಕೂ ಇರುವ ದೂರವು ಇದೇ.

ಅಧಿಕಾರಿಗಳ ಶಿಕ್ಷಣದಲ್ಲಿ ಈ ಪ್ರಾಚೀನ ಪ್ರಕರಣವನ್ನು ಪಾಠಕ್ಕಿಡುವುದಾದರೆ ಅದರ ಜೊತೆಗೆ ಇಡತಕ್ಕದ್ದು ಎರಡು ನಾಟಕಗಳ ಎರಡು ದೃಶ್ಯಗಳು. ಶಾಸ್ತ್ರವು ಹೇಳದ ಸಂಗತಿಯು ಅವುಗಳಲ್ಲಿದೆ. ಶಾಕುಂತಲದ ಆರನೆಯ ಅಂಕದ ಪ್ರವೇಶಕದಲ್ಲಿ ಸೂಚಕ ಜಾನುಕರೆಂಬ ಕಾವಲುಗಾರರು ಉಂಗುರವು ಸಿಕ್ಕಿದ ಬೆಸ್ತನನ್ನು ಹೊಡೆಯುತ್ತಲೇ ಪ್ರಶ್ನಿಸುತ್ತಾರೆ. ಅವನು ನಿಜವನ್ನೇ ಹೇಳಿದರೂ, ಒಬ್ಬನ ಕೈಗಳು ಅವನಿಗೆ ವಧ್ಯಮಾಲೆ ತೊಡಿಸಲು ತವಕಿಸುತ್ತವೆ. ರಾಜನಿಂದ ಬಹುಮಾನವು ಬಂದಕೂಡಲೆ ಬೆಸ್ತನು ಅದರಲ್ಲಿ ಅರ್ಧವನ್ನು ಅವರಿಗೇ ಕೊಡುತ್ತಾನೆ, ಎಲ್ಲರೂ ಸೇರಿ ಹೆಂಡದಂಗಡಿಗೆ ಹೊರಡುತ್ತಾರೆ. ತಪ್ಪಾಗಿ ಹೊಡೆದವರಿಗೆ ಹೊಡೆಸಿಕೊಂಡವನೇ ಕಾಣಿಕೆಯಿಡುವ ಈ ಸ್ನೇಹವನ್ನು ಕಾಳಿದಾಸನು ನಗುನಗುತ್ತ ತೋರಿಸಿದ್ದಾನೆ. ಯಾವ ಸಾಹಸದಂಡಕ್ಕೂ ಇದು ಸಿಕ್ಕುವಂಥದಲ್ಲ.

ಮೃಚ್ಛಕಟಿಕದ ಒಂಬತ್ತನೆಯ ಅಂಕವು ಇನ್ನೂ ಕಠಿನವಾದುದು. ಅಲ್ಲಿಯ ನ್ಯಾಯಾಧಿಕಾರಿಯು ದುಷ್ಟನಲ್ಲ. ಚಾರುದತ್ತನನ್ನು ಗೌರವಿಸುತ್ತಾನೆ, ಆಸನ ಕೊಡಿಸುತ್ತಾನೆ, ಆರೋಪವನ್ನು ನಂಬಲಾರನು. ಮೈತ್ರೇಯನ ಕಂಕುಳಿಂದ ವಸಂತಸೇನೆಯ ಆಭರಣಗಳು ನೆಲಕ್ಕೆ ಬಿದ್ದ ಮೇಲೆ ಅದೇ ಸಜ್ಜನನೇ, ನಿಜ ಹೇಳದಿದ್ದರೆ ಈ ಕೋಮಲವಾದ ಮೈಮೇಲೆ ಚಾವಟಿಗಳು ಬೀಳುವುವೆಂದು ಎಚ್ಚರಿಸುತ್ತಾನೆ. ಚಾರುದತ್ತನು ಬ್ರಾಹ್ಮಣ, ಕೌಟಿಲೀಯದ ಮಾತಿನಂತೆ ಯಾವ ಅಪರಾಧದಲ್ಲಿಯೂ ಅಪೀಡನೀಯ. ಆ ನಿಯಮವನ್ನು ಸಭೆಯಲ್ಲಿ ಯಾರೂ ನೆನೆಯುವುದಿಲ್ಲ. ಬ್ರಾಹ್ಮಣನನ್ನು ಕೊಲ್ಲಕೂಡದೆಂಬ ಮನುವಿನ ವಿಧಿಯು ನ್ಯಾಯಾಧಿಕಾರಿಗೆ ನೆನಪಾಗುವುದು ಒಪ್ಪಿಗೆಯಾದಮೇಲೆ, ಅದನ್ನೂ ಪಾಲಕರಾಜನು ತಳ್ಳಿಹಾಕುತ್ತಾನೆ. ಇಲ್ಲಿ ಒಂದು ಏಟೂ ಬಿದ್ದಿಲ್ಲ, ಖರಪಟ್ಟದ ಒಂದು ಸಾಧನವೂ ಹೊರಗೆ ಬಂದಿಲ್ಲ. ಚಾವಟಿಯ ಹೆಸರು ಹೇಳಿದ್ದೇ ಸಾಕಾಯಿತು. ವಸಂತಸೇನೆಯಿಲ್ಲದ ಬಾಳು ಬೇಡವಾದ ಚಾರುದತ್ತನು ಮಾಡದ ಕೊಲೆಯನ್ನು ಒಪ್ಪಿಕೊಳ್ಳತೊಡಗಿ, ವಾಕ್ಯವನ್ನು ಪೂರ್ತಿಗೊಳಿಸಲಾರದೆ, ಉಳಿದುದನ್ನು ಶಕಾರನೇ ಹೇಳುವನೆಂದು ಅವನಿಗೆ ಬಿಟ್ಟುಬಿಡುತ್ತಾನೆ.