ಯಾರನ್ನು ಕೇಳಿದಿರಿ, ಯಾವಾಗ ಕೇಳಿದಿರಿ?

ಡೊಮೈನ್ ಹೆಸರಿನ ನೋಂದಣಿ ವಿವರ ತಿಳಿಸುವ ಹೂಈಸ್ ಹಿಂದೆ ಸರಿದು, ಅದರ ಬದಲಿಗೆ ಆರ್‌ಡಿಎಪಿ ಮುಂದೆ ಬಂದದ್ದರ ಬಗ್ಗೆ ಈ ವಾರ ಬರೆಯುತ್ತೇನೆಂದು ಹೇಳಿದ್ದೆ. 2025ರ ಜನವರಿ 28ರಿಂದ ಡಾಟ್ ಕಾಮ್‌ನಂಥ ಹೆಸರುಗಳಿಗೆ ಹೂಈಸ್ ಸೇವೆ ಕಡ್ಡಾಯವಲ್ಲ. ಅದರಲ್ಲಿ ತುರ್ತಾದ ಒಂದು ಮಾತನ್ನಷ್ಟೇ ಹೇಳಿಬಿಡುತ್ತೇನೆ. ಅವಧಿ ಮುಗಿದ ಡಾಟ್ ಕಾಮ್ ಹೆಸರನ್ನು ಮೂಲ ರಿಜಿಸ್ಟ್ರಿ ತಾನಾಗಿಯೇ ಒಂದು ವರ್ಷ ಮುಂದೂಡುತ್ತದೆ. ಬೇಡವೆಂದು ಅಳಿಸಲು, ಹೆಸರು ಮಾರಿದ ರಿಜಿಸ್ಟ್ರಾರ್‌ಗೆ 45 ದಿನ ಇರುತ್ತದೆ. ಅಷ್ಟು ದಿನವೂ ರಿಜಿಸ್ಟ್ರಿಯಲ್ಲಿ ಬರುವ ವರ್ಷದ ತಾರೀಖು, ರಿಜಿಸ್ಟ್ರಾರ್ ಬಳಿ ದಾಟಿಹೋದ ತಾರೀಖು. ಹಣ ಕಟ್ಟುವವರು ನೆಚ್ಚಬೇಕಾದ್ದು ರಿಜಿಸ್ಟ್ರಾರ್ ತಾರೀಖನ್ನು.

ಉಳಿದದ್ದನ್ನು ಬರೆಯುವಷ್ಟರಲ್ಲಿ ತಿಕೋಟಾದ ಒಣದ್ರಾಕ್ಷಿ ವ್ಯಾಪಾರಿಯೊಬ್ಬರ ಫೋನು ಬಂತು. ಅವರು ತಮ್ಮ ಅಂಗಡಿಯ ವೆಬ್‌ಸೈಟನ್ನು ಹೊಸ ಸರ್ವರ್‌ಗೆ ಸಾಗಿಸಿದ್ದರು. "ಸರ್, ಮೊಬೈಲ್‌ನ್ಯಾಗ ಹೊಸಾದು ಬರತೈತಿ, ವಿಜಯಪುರದ ಅಂಗಡಿ ಕಂಪ್ಯೂಟರ್‌ನ್ಯಾಗ ಹಳೇದ ಐತಿ. ಎರಡರಾಗ ಖರೇ ಯಾವ್ದು?" ಸೈಟ್ ಮಾಡಿಕೊಟ್ಟ ಹುಡುಗ ಅವರಿಗೆ ಹೇಳಿದ್ದು ಒಂದೇ ಮಾತು: "48 ತಾಸು ತಡೀರಿ, ಹರಡಬೇಕು."

ಈ 48 ತಾಸಿನ ಪಂಥದವರ ಮೇಲೆ ನನಗೆ ಹಳೆಯ ಸಿಟ್ಟಿದೆ. ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನಲ್ಲಿ ಯಾವುದೂ ಹರಡುವುದಿಲ್ಲ. ಕೇಳಿದವರಿಗೆ ಉತ್ತರ ಸಿಗುತ್ತದೆ, ಕೇಳಿದವರು ಅದನ್ನು ಗೊತ್ತುಪಡಿಸಿದಷ್ಟು ಹೊತ್ತು ನೆನಪಿಟ್ಟುಕೊಳ್ಳುತ್ತಾರೆ, ಅಷ್ಟೇ. ಆ 48 ಬಂದದ್ದಾದರೂ ಎಲ್ಲಿಂದ? ಡಾಟ್ ಕಾಮ್ ವಲಯದಲ್ಲಿ ನೇಮ್‌ಸರ್ವರ್ ದಾಖಲೆಗಳ ಟಿಟಿಎಲ್, ಎಂದರೆ ನೆನಪಿಟ್ಟುಕೊಳ್ಳುವ ಅವಧಿ, 1,72,800 ಸೆಕೆಂಡು, ಅಂದರೆ ಸರಿಯಾಗಿ 48 ತಾಸು. ನೇಮ್‌ಸರ್ವರನ್ನೇ ಬದಲಿಸಿದವರಿಗೆ ಆ ಲೆಕ್ಕ ಸಲ್ಲುತ್ತದೆ. ಬರೀ ವಿಳಾಸದ ದಾಖಲೆ ಬದಲಿಸಿದವರಿಗೆ ಅದರ ಸಂಬಂಧವೇ ಇಲ್ಲ. ಅಲ್ಲಿ ಟಿಟಿಎಲ್ 300 ಇದ್ದರೆ ಐದು ನಿಮಿಷದ ಮಾತು. ಇದನ್ನು ತಿಳಿಯದೆ ವ್ಯಾಪಾರಿಯನ್ನು ಎರಡು ದಿನ ಕಾಯಿಸುವುದು ತಪ್ಪು. ಭೂಪಟದ ಮೇಲೆ ಹಸಿರು ಗುರುತು ಮೂಡಿಸುವ ತಾಣಗಳೂ ಇದೇ ಭ್ರಮೆಯನ್ನು ಸಾಕುತ್ತಿವೆ. ಅವು ತೋರಿಸುವುದು ತಾವು ಆರಿಸಿಕೊಂಡ ಕೆಲವು ಸರ್ವರ್‌ಗಳ ನೆನಪನ್ನು. ನಿಮ್ಮ ಗಿರಾಕಿಯ ಫೋನು ಆ ಪಟ್ಟಿಯಲ್ಲಿ ಇರುವುದಿಲ್ಲ.

ಪಾಲ್ ಮೊಕಪೆಟ್ರಿಸ್ 1987ರ ನವೆಂಬರಿನಲ್ಲಿ ಬರೆದ ಡಿಎನ್‌ಎಸ್ ದಸ್ತಾವೇಜು ಆರ್‌ಎಫ್‌ಸಿ 1034 ಅನ್ನು ನಾನು ಮತ್ತೆ ಮತ್ತೆ ತೆರೆಯುತ್ತೇನೆ. ಬದಲಾವಣೆ ತಕ್ಷಣ ಎಲ್ಲೆಡೆ ಕಾಣುವುದಕ್ಕಿಂತ, ಎಲ್ಲರ ಉತ್ತರವೂ ಒಂದೇ ಆಗಿರುವುದಕ್ಕಿಂತ, ಕೇಳಿದವರಿಗೆ ಮಾಹಿತಿ ಸಿಗುವುದೇ ಮುಖ್ಯವೆಂದು ಅಲ್ಲಿ ನೇರವಾಗಿ ಹೇಳಿದ್ದಾರೆ. ಎರಡು ಸಾಧನಗಳ ಉತ್ತರ ಕೆಲಕಾಲ ಬೇರೆಯಾಗುವುದು ಈ ವ್ಯವಸ್ಥೆ ತಿಳಿದೇ ಒಪ್ಪಿಕೊಂಡ ಸಂಗತಿ.

ವಿಜಯಪುರದ ಕಂಪ್ಯೂಟರಿನಲ್ಲಿ ಡಿಎನ್‌ಎಸ್ ವಿಚಾರಿಸುವ ಡಿಗ್ ಎಂಬ ಸಾಧನವನ್ನು ಓಡಿಸಲು ಹೇಳಿದೆ. ಹೆಸರಿನ ಪಕ್ಕದ ಅಂಕಿ ನೋಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಓಡಿಸಿ ಎಂದೆ. ಅಂಕಿ ಇಳಿದಿತ್ತು. ಇಳಿಯುವ ಅಂಕಿ ನೆನಪಿನ ಉತ್ತರ. ಅದು ಸೊನ್ನೆಗೆ ಬಂದಾಗ ಹಳೆಯ ವಿಳಾಸ ತಾನೇ ಹೋಗುತ್ತದೆ. ಆಮೇಲೆ ಹೆಸರಿನ ಸ್ವಂತ ನೇಮ್‌ಸರ್ವರನ್ನೇ ನೇರ ಕೇಳಿಸಿದೆ. ಅಲ್ಲಿ ಅಧಿಕೃತ ಉತ್ತರವೆಂಬ 'ಎಎ' ಗುರುತು ಇತ್ತು, ಅಂಕಿ ಎಷ್ಟು ಸಲ ಕೇಳಿದರೂ ಕದಲಲಿಲ್ಲ, ವಿಳಾಸ ಹೊಸದೇ. ಖರೇ ಉತ್ತರ ಅದು. ಪಿಂಗ್ ಬೇರೆ ಹೇಳಿದರೆ ಹೋಸ್ಟ್ಸ್ ಫೈಲ್ ತೆಗೆದು ನೋಡಬೇಕು: ವಿಂಡೋಸ್‌ನಲ್ಲಿ ಪಿಂಗ್ ಅದನ್ನು ಓದುತ್ತದೆ, ಎನ್‌ಎಸ್‌ಲುಕ್‌ಅಪ್ ಓದುವುದಿಲ್ಲ. ಬ್ರೌಸರ್ ಎನ್‌ಕ್ರಿಪ್ಟ್ ಮಾಡಿದ ಡಿಎನ್‌ಎಸ್ ಬಳಸುತ್ತಿದ್ದರೆ ಅದು ಮೂರನೆಯವರನ್ನು ಕೇಳುತ್ತಿರುತ್ತದೆ. 'ಇಲ್ಲ' ಎಂಬ ಉತ್ತರಕ್ಕೂ ನೆನಪುಂಟು. 1998ರ ಆರ್‌ಎಫ್‌ಸಿ 2308 ಅದರ ನಿಯಮ ಬರೆದಿದೆ. ದಾಖಲೆ ಹಾಕುವ ಮೊದಲೇ ಆತುರಪಟ್ಟು ಹುಡುಕಿದವರಿಗೆ ಹೊಸ ಹೆಸರು ಎಲ್ಲರಿಗಿಂತ ತಡವಾಗಿ ಕಾಣುವುದು ಇದರಿಂದಲೇ.

ಫೋನಿಡುವ ಮುಂಚೆ ಅವರು ಕೇಳಿದ್ದು: "ತಿಕೋಟಾ ಅಂತ ಕನ್ನಡದಾಗ ಹೆಸರು ತಗೋಬಹುದೇನ್ರಿ?" ಹೂಈಸ್‌ಗಿಂತ ಮೊದಲು ಬರೆಯಬೇಕಾದ ವಿಷಯ ಇದು.

ಡಾಟ್ ಭಾರತ ಕನ್ನಡ ಲಿಪಿಯಲ್ಲಿ ಇದೆ, ನೋಡಿಕೊಳ್ಳುವುದು ನಿಕ್ಸಿ ಸಂಸ್ಥೆ. ಆದರೆ ಡಿಎನ್‌ಎಸ್ ಒಳಗೆ ಆ 'ಭಾರತ' ಓಡಾಡುವುದು ಎಕ್ಸ್‌ಎನ್, ಎರಡು ಅಡ್ಡಗೆರೆ, 2ಎಸ್‌ಸಿಆರ್‌ಜೆ9ಸಿ ಎಂಬ ರೂಪದಲ್ಲಿ. ಕೆಲವು ಸಾಧನ ಕನ್ನಡವನ್ನು ಹೀಗೆ ಪರಿವರ್ತಿಸಿ ಕೇಳುತ್ತವೆ, ಇನ್ನು ಕೆಲವು, ಅಕ್ಷರಗಳನ್ನು ಹಾಗೇ ಕಳಿಸಿ 'ಇಂಥ ಹೆಸರಿಲ್ಲ' ಎನ್ನುತ್ತವೆ. ನಮ್ಮ ಊರುಗಳ ಹೆಸರೇ ನೋಡಿ. 'ವಿಜಯಪುರ' ಯೂನಿಕೋಡಿನಲ್ಲಿ ಒಂದೇ ರೀತಿ. 'ಬಬಲೇಶ್ವರ'ದ 'ಲೇ' ಎರಡು ರೀತಿ: ಏತ್ವಕ್ಕೆ ಒಂದೇ ಸಂಕೇತ, ಇಲ್ಲವೇ ಎತ್ವ ಮತ್ತು ದೀರ್ಘದ ಚಿಹ್ನೆ ಬೇರೆಬೇರೆ. 'ತಿಕೋಟಾ'ದ 'ಕೋ' ಮೂರು ರೀತಿ: ಓತ್ವ ಇಡಿಯಾಗಿ; ಒತ್ವಕ್ಕೆ ದೀರ್ಘ ಸೇರಿಸಿ; ಎತ್ವ, ಕೊಂಬಿನ ದೀರ್ಘ, ಆಮೇಲೆ ದೀರ್ಘದ ಚಿಹ್ನೆ ಎಂದು ಬಿಡಿಬಿಡಿಯಾಗಿ. ಪರದೆಯ ಮೇಲೆ ಮೂರೂ ತಿಕೋಟಾವೇ, ಕಣ್ಣಿಗೆ ಗುರುತೇ ಸಿಗದು. ಯೂನಿಕೋಡಿನ ಎನ್‌ಎಫ್‌ಸಿ ಎಂಬ ಕ್ರಮ ಮೂರನ್ನೂ ಮೊದಲನೆಯದಕ್ಕೆ ತರುತ್ತದೆ. ಆ ಹಂತ ಬಿಟ್ಟ ಸಾಧನಕ್ಕೆ ಅವು ಮೂರು ಬೇರೆ ಹೆಸರು. ಒಂದಕ್ಕೆ ವಿಳಾಸ ಕೊಟ್ಟು ಉಳಿದೆರಡಕ್ಕೆ 'ಇಲ್ಲ' ಎನ್ನುತ್ತದೆ.

ತಿಕೋಟಾದವರಿಗೆ ಕೊಟ್ಟ ಸಲಹೆಯನ್ನೇ ಇಲ್ಲೂ ಬರೆಯುತ್ತೇನೆ. ಕನ್ನಡ ಹೆಸರು ಧಾರಾಳವಾಗಿ ತೆಗೆದುಕೊಳ್ಳಿ. ನೋಂದಣಿಯಾದ ದಿನವೇ ಅದರ ಎಕ್ಸ್‌ಎನ್ ರೂಪವನ್ನು ರಸೀದಿಯ ಮೇಲೆ ಬರೆದಿಡಿ. ಎರಡು ಸಾಧನ ಜಗಳಕ್ಕೆ ಬಿದ್ದಾಗ ಕನ್ನಡ ಟೈಪಿಸುವ ಬದಲು ಎರಡಕ್ಕೂ ಆ ರೂಪವನ್ನೇ ಕೊಟ್ಟು ನೋಡಿ. ಆಗಲೂ ಉತ್ತರ ಬೇರೆಯಾದರೆ ಟಿಟಿಎಲ್ ಅಂಕಿ ಓದಿ.